ಟೈಟಾನಿಯಂ ಮೇಲೆ ಗ್ರಾಫೀನ್: ಕುಲುಮೆಯೋ, ಬೀಕರೋ?

ಹಾಸನದಲ್ಲಿ ಕೂತು ಎಂ.ಟೆಕ್ ಪ್ರಾಜೆಕ್ಟ್‌ಗೆ ಟೈಟಾನಿಯಂ ಮೇಲೆ ಗ್ರಾಫೀನ್, ಅಂದರೆ ಇಂಗಾಲದ ಪರಮಾಣುಗಳ ಅತಿ ತೆಳು ಹಾಳೆ, ಲೇಪಿಸುವ ವಿಷಯ ಹಿಡಿದಿದ್ದೀರಾ? ಹಾಗಿದ್ದರೆ ಮೊದಲ ಪ್ರಶ್ನೆ ಇದೇ: ಸಿವಿಡಿ ಮಾಡೋದಾ, ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಸೇರಿದ ಗ್ರಾಫೀನ್) ಲೇಪಿಸೋದಾ?

ಸಿವಿಡಿ (ಕೆಮಿಕಲ್ ವೇಪರ್ ಡಿಪೊಸಿಷನ್) ಎಂದರೆ ಕುಲುಮೆಯಲ್ಲಿ ಮೀಥೇನ್, ಹೈಡ್ರೋಜನ್ ಹರಿಸಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪದರ ಬೆಳೆಸುವುದು. ತಾಮ್ರದ ಹಾಳೆಯ ಮೇಲೆ ಚೆನ್ನಾಗಿ ಬರುತ್ತದೆ. ಟೈಟಾನಿಯಂ ಮೇಲೆ ಮಾತ್ರ ತಂಟೆ ಶುರು. ಆ ಬಿಸಿಯಲ್ಲಿ ಅದು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ, ಹೈಡ್ರೋಜನ್ ಹೀರಿ ಪೆಡಸಾಗುತ್ತದೆ. ಹಾಗಾಗಿ ತಾಮ್ರದ ಮೇಲೆ ಬೆಳೆಸಿ, ತಾಮ್ರ ಕರಗಿಸಿ, ಪದರವನ್ನು ಎತ್ತಿ ಟೈಟಾನಿಯಂ ಮೇಲೆ ಕೂರಿಸಬೇಕು. ನೀರುದೋಸೆ ಹರಿಯದಂತೆ ಎಬ್ಬಿಸಿದ ಹಾಗೆ. ಆದರೆ ಈ ದೋಸೆಯ ದಪ್ಪ ಒಂದೇ ಪರಮಾಣು!

ಆಕ್ಸೈಡ್ ದಾರಿ ಸುಲಭ. ಪುಡಿಯನ್ನು ನೀರಲ್ಲಿ ಕದಡಿ, ಟೈಟಾನಿಯಂ ತುಂಡನ್ನು ಪ್ಲಸ್ ತುದಿಗೆ ಕಟ್ಟಿ ಕರೆಂಟ್ ಕೊಟ್ಟರೆ ಹಾಳೆಗಳು ತಾವೇ ಬಂದು ಕೂರುತ್ತವೆ. ಡೊಂಕು ತುಂಡಿಗೂ ನಡೆಯುತ್ತದೆ. ದೋಷ ಜಾಸ್ತಿ, ನಿಜ. ಆದರೂ ಒಂದೇ ಸೆಮಿಸ್ಟರ್ ಇದ್ದರೆ ನನ್ನ ಓಟು ಇದಕ್ಕೇ.

ಪರೀಕ್ಷೆಗೆ ರಾಮನ್ ವರ್ಣಪಟಲ, ಅಂದರೆ ಲೇಸರ್ ಬಿಟ್ಟಾಗ ಚದುರಿದ ಬೆಳಕಿನ ನಕ್ಷೆ, ಬೇಕೇ ಬೇಕು. ಒಂದೇ ಪದರದ ಒಳ್ಳೆಯ ಗ್ರಾಫೀನ್ ಆದರೆ 2700 cm⁻¹ ಹತ್ತಿರ ಚೂಪಾದ ಶಿಖರ ಎದ್ದಿರುತ್ತದೆ. 1350ರದ್ದು ಎತ್ತರವಾಗಿದ್ದರೆ ದೋಷ ತುಂಬಿದೆ ಎಂದರ್ಥ. ಅಂಟು ನೋಡಲು ಟೇಪ್ ಅಂಟಿಸಿ ಕೀಳಿ.

ತುಕ್ಕಿನ ಪರೀಕ್ಷೆಗೆ 3.5% ಉಪ್ಪುನೀರು. ಪಕ್ಕದಲ್ಲಿ ಲೇಪನವಿಲ್ಲದ ತುಂಡನ್ನೂ ಇಡಿ. ಟೈಟಾನಿಯಂಗೆ ತನ್ನದೇ ಆಕ್ಸೈಡ್ ಕವಚ ಇದೆ ಅಲ್ವಾ? ಅದರ ಕೆಲಸದ ಹೆಸರು ಸುಮ್ನೆ ಗ್ರಾಫೀನ್‌ಗೆ ಹೋಗಬಾರದು.