ಫ್ರೆಟ್‌ಲೆಸ್ ಬೇಸ್: ಗೆರೆ ಇರುವುದೋ, ಇಲ್ಲದ್ದೋ?

ಫ್ರೆಟ್‌ಲೆಸ್ ಅಂದರೆ ನೆಕ್ಕಿಗೆ (ಗಿಟಾರಿನ ಕುತ್ತಿಗೆಗೆ) ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿ, ಅಂದರೆ ಫ್ರೆಟ್, ಇಲ್ಲದ ಬೇಸ್ ಗಿಟಾರು. ಕೆಲವದರಲ್ಲಿ ಫ್ರೆಟ್ ಇರಬೇಕಿದ್ದ ಜಾಗದಲ್ಲಿ ಗೆರೆ ಇರುತ್ತೆ, ಕೆಲವದರಲ್ಲಿ ಅದೂ ಇರಲ್ಲ. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಗೆರೆ ಇರುವುದಕ್ಕೇ. ದಾವಣಗೆರೆ ಸುತ್ತಮುತ್ತ ರಿಸೆಪ್ಷನ್ನು, ಗಣೇಶನ ಪೆಂಡಾಲು ಅಂತ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವನು ನಾನು. ಗೆರೆ ಇರುವುದನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರಿಸಿದೆ. ಗೆರೆ ಇಲ್ಲದ್ದು ಗೆಳೆಯನದು, ಮದುವೆ ಸೀಸನ್ ಪೂರ್ತಿ ನನ್ನ ಹತ್ತಿರವೇ ಇತ್ತು.

ನೋಡೋಕೆ ಗೆರೆ ಇಲ್ಲದ್ದೇ ಚೆಂದ, ಎರಡು ಮಾತಿಲ್ಲ. ಸೌಂಡಿಗೂ ಗೆರೆಗೂ ಸಂಬಂಧ ಇದೆ ಅಂತ ನನಗಂತೂ ಅನ್ನಿಸಲಿಲ್ಲ.

ತಲೆ ಕೆಡಿಸಿದ್ದು ನೆಕ್ಕಿನ ಅಂಚಿನ ಚುಕ್ಕಿಗಳು. ಮಾಮೂಲಿ ಬೇಸ್‌ನಲ್ಲಿ ಚುಕ್ಕಿ ಎರಡು ಫ್ರೆಟ್‌ಗಳ ನಡುವೆ ಇರುತ್ತೆ, ನನ್ನ ಗೆರೆಯದ್ದರಲ್ಲೂ ಅಲ್ಲೇ. ಗೆಳೆಯನದರಲ್ಲಿ ಫ್ರೆಟ್ ಇರಬೇಕಿದ್ದ ಜಾಗದಲ್ಲೇ ಚುಕ್ಕಿ. ಅದರ ನೇರಕ್ಕೆ ಬೆರಳಿಟ್ಟರೆ ಶ್ರುತಿ ಸರಿ. ಫ್ರೆಟ್‌ಲೆಸ್ ಒಂದನ್ನೇ ನುಡಿಸುವವರಿಗೆ ಇದು ಸುಲಭವೇ. ಆದರೆ ಡ್ಯಾನ್ಸ್ ಹಾಡಿಗೆ ಫ್ರೆಟ್ ಬೇಸು, ಮೆಲೊಡಿಗೆ ಫ್ರೆಟ್‌ಲೆಸ್ಸು ಅಂತ ಒಂದೇ ಸ್ಟೇಜಿನಲ್ಲಿ ಬದಲಾಯಿಸೋನಿಗೆ ಕಣ್ಣು ಹಳೇ ಚಾಳಿ ಬಿಡಲ್ಲ, ಬೆರಳು ತಾನಾಗೇ ಚುಕ್ಕಿ ದಾಟಿ ಮುಂದಕ್ಕೆ ಹೋಗುತ್ತೆ. 34 ಇಂಚಿನ ಸ್ಕೇಲ್‌ನಲ್ಲಿ (ನುಡಿಯುವ ತಂತಿಯ ಉದ್ದ) 4ನೇ ಮತ್ತು 5ನೇ ಫ್ರೆಟ್ ಜಾಗದ ನಡುವೆ ಸುಮಾರು 38 ಮಿಲಿಮೀಟರ್. ಅದರಲ್ಲಿ ಅರ್ಧ ದಾಟಿದರೂ ಸ್ವರ ಎದ್ದು ಕಾಣುವಷ್ಟು ಮೇಲೆ. ಕೀಬೋರ್ಡಿನವರು ಹಾಡಿನ ಮಧ್ಯೆಯೇ ತಿರುಗಿ ನೋಡ್ತಾರೆ!

ಗೆರೆಯದ್ದೇನೂ ಪುಕ್ಕಟೆ ಅಲ್ಲ. ಬೆರಳು ಗೆರೆಯ ಹಿಂದೆ ಅಲ್ಲ, ಗೆರೆಯ ಮೇಲೇ ಕೂರಬೇಕು. ನಿಂತು ಮೇಲಿಂದ ಬಗ್ಗಿ ನೋಡಿದರೆ ಗೆರೆ ಒಂಚೂರು ಸರಿದ ಹಾಗೆ ಕಾಣುತ್ತೆ. ಕೊನೆಗೆ ಕಿವಿಯೇ ಗತಿ. ಆದರೂ ಎತ್ತರದ ಸ್ವರಕ್ಕೆ ಜಿಗಿಯುವಾಗ ನೀಲಿ ಲೈಟಿನಲ್ಲೂ ಆ ಬಿಳಿ ಮರದ ಪಟ್ಟಿ ಕಾಣುತ್ತಲ್ಲ, ಅಷ್ಟು ಸಾಕು. ಗೆರೆ ಇದ್ದರೆ ಕಲಿಯೋರದ್ದು ಅಂತ ಗೇಲಿ ಮಾಡೋರಿದ್ದಾರೆ. ಫ್ರೆಟ್‌ಲೆಸ್ಸಿಗೇ ಹೆಸರಾದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ನುಡಿಸಿದ 1962ರ ಫೆಂಡರ್ ಜಾಝ್ ಬೇಸ್‌ನಲ್ಲೂ ಫ್ರೆಟ್ ಕಿತ್ತ ಗೆರೆ ಕಾಣುತ್ತಿತ್ತು, ಅವರಿಗೆ ಯಾರು ಹೇಳ್ತಾರೆ?

ಗೆರೆ ಇರಲಿ ಇಲ್ಲದಿರಲಿ, ತಂತಿ ಮಾತ್ರ ಫ್ಲಾಟ್‌ವೂಂಡೇ (ಮೇಲ್ಮೈ ನುಣುಪಾಗಿರೋದು) ಹಾಕಿ, ರೌಂಡ್‌ವೂಂಡ್ (ಮೇಲ್ಮೈ ತರಿತರಿಯಾಗಿರೋದು) ಮರವನ್ನು ಬೇಗ ಸವೆಸುತ್ತೆ.

ಮನೆಯಲ್ಲಿ ಕೂತು ನುಡಿಸೋರು, ಕಿವಿ ಚೆನ್ನಾಗಿರೋರು ಗೆರೆ ಇಲ್ಲದ್ದನ್ನು ತಗೊಳ್ಳಿ, ಸುಮ್ನೆ ಅದರ ಅಂದಕ್ಕಾದರೂ. ನನ್ನ ಹಾಗೆ ಫ್ರೆಟ್ ಬೇಸು, ಫ್ರೆಟ್‌ಲೆಸ್ಸು ಎರಡೂ ಹೊತ್ತು ತಿರುಗೋರಿಗೆ ಗೆರೆಯದ್ದೇ ಸರಿ. ದುಡ್ಡು ಜಾಸ್ತಿ ಇಲ್ಲ ಅಂದರೆ ಹಳೇ ಬೇಸ್‌ನ ಫ್ರೆಟ್ ತೆಗೆಸಿ ಸಂದು ತುಂಬಿಸಿ, ಗೆರೆ ತಾನಾಗೇ ಸಿಗುತ್ತೆ. ಯಾವುದನ್ನೇ ದೂರದಿಂದ ತರಿಸಿದರೂ ದುಡ್ಡು ಹಾಕೋ ಮುಂಚೆ ನೆಕ್ಕಿನ ಅಂಚಿನ ಫೋಟೋ ಕಳಿಸೋಕೆ ಹೇಳಿ.