ಪುಟ್ಟ ಮಕ್ಕಳ ಜೊತೆ ಮೋಜಿನ ಓಟ: ತಳ್ಳುಗಾಡಿಯೋ, ಕ್ಯಾರಿಯರೋ, ಸ್ವಂತ ಕಾಲೋ?

ನಮ್ಮ ಕಡೆ ಈಗ ಹಬ್ಬ, ಉತ್ಸವ ಅಂದ್ರೆ ಬೆಳಗಿನ ಒಂದು ಓಟವೂ ಸೇರಿಕೊಂಡಿದೆ. ರಾಜ್ಯೋತ್ಸವಕ್ಕೆ, ಗಣರಾಜ್ಯೋತ್ಸವಕ್ಕೆ, ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ ಅಂತ ಎರಡು, ಮೂರು, ಐದು ಕಿಲೋಮೀಟರ್ ಓಟ ಇಡುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಎದೆಗೆ ನಂಬರ್ ಚೀಟಿ, ಡೊಳ್ಳು, ಬಲೂನು, ಕೊನೆಗೆ ಪದಕ ಮತ್ತು ತಿಂಡಿ. ಯಾರು ಮೊದಲು ಬಂದರು ಅನ್ನುವ ಲೆಕ್ಕ ಇಲ್ಲ. ಅಜ್ಜಿ ಸೀರೆಯಲ್ಲೇ ನಡೆಯುತ್ತಾರೆ, ಹುಡುಗರು ಓಡುತ್ತಾರೆ. ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಬೆಳಗು ಕಡಿಮೆ.

ನಮಗೆ ಆರು ವರ್ಷದ ಮಗಳು, ಮೂರು ವರ್ಷದ ಮಗ. ಮನೆ ಬಳ್ಳಾರಿ, ನನ್ನ ತವರು ಕೊಪ್ಪಳ, ನಾದಿನಿ ಇರುವುದು ರಾಯಚೂರಲ್ಲಿ. ಹಾಗಾಗಿ ಮೂರೂ ಊರಿನ ರಸ್ತೆಗಳಲ್ಲಿ ಇಂಥ ಓಟಗಳಿಗೆ ಹೋಗಿದ್ದೇವೆ. ದೊಡ್ಡವಳ ಚಿಂತೆ ಇಲ್ಲ. ಶೂ ಹಾಕಿದರೆ ಸಾಕು, ಓಡುತ್ತಾಳೆ. ಪ್ರಶ್ನೆ ಚಿಕ್ಕವನದು. ಅವನನ್ನು ಮಕ್ಕಳ ತಳ್ಳುಗಾಡಿಯಲ್ಲಿ (ಸ್ಟ್ರಾಲರ್) ಕೂರಿಸಿ ನೋಡಿದ್ದೇವೆ, ಕ್ಯಾರಿಯರ್‌ನಲ್ಲಿ, ಅಂದ್ರೆ ಮಗುವನ್ನು ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಬಟ್ಟೆ ಚೀಲದಲ್ಲಿ, ಕಟ್ಟಿಕೊಂಡು ನೋಡಿದ್ದೇವೆ, ಅವನ ಕಾಲಿಗೇ ಬಿಟ್ಟು ನೋಡಿದ್ದೇವೆ. ಒಬ್ಬರು ಓಡಿ ಇನ್ನೊಬ್ಬರು ಕಾಯುವುದನ್ನೂ ಮಾಡಿದ್ದೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ನಡೆಯಲು ಬರುತ್ತದೆ ಅಂದ್ರೆ ಓಟವನ್ನು ಅದರ ಕಾಲಿನ ಅಳತೆಗೇ ಇಳಿಸಿಕೊಳ್ಳಬೇಕು. ಉಳಿದ ಮೂರೂ ಅದಕ್ಕೆ ಸಹಾಯಕ್ಕೆ ಇರಲಿ.

ತಳ್ಳುಗಾಡಿಯಿಂದ ಶುರು ಮಾಡೋಣ, ಏಕೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ರಾಯಚೂರಿನ ಓಟಕ್ಕೆ ನಾವು ಅದನ್ನೇ ಒಯ್ದೆವು. ಕೋಟೆ ಗೋಡೆ ಪಕ್ಕದ ರಸ್ತೆಯಲ್ಲಿ ಮೊದಲರ್ಧ ಸಲೀಸಾಗಿ ಹೋಯಿತು. ನೀರಿನ ಬಾಟಲಿ, ಟೋಪಿ, ಬದಲಿ ಚಡ್ಡಿ, ಬಾಳೆಹಣ್ಣು ಎಲ್ಲ ಅದರ ಕೆಳಗಿನ ಬುಟ್ಟಿಯಲ್ಲೇ. ಹೆಗಲ ಮೇಲೆ ಒಂದು ಗ್ರಾಂ ಭಾರ ಇಲ್ಲ. ಮಗು ನಿದ್ದೆಗೆ ಜಾರಿದರೂ ಯೋಚನೆ ಇಲ್ಲ.

ತೊಂದರೆ ಬರುವುದು ಮೂರು ಕಡೆ. ಒಂದು, ನಮ್ಮ ಊರುಗಳ ರಸ್ತೆ. ಸಾದಾ ತಳ್ಳುಗಾಡಿಯ ಚಕ್ರ ಅಂಗೈ ಅಗಲ ಇರುತ್ತದೆ. ರಸ್ತೆ ಉಬ್ಬು, ಚರಂಡಿ ಮೇಲಿನ ಕಲ್ಲು ಚಪ್ಪಡಿ, ಅಗೆದು ಮುಚ್ಚಿದ ಪೈಪ್‌ಲೈನ್ ಗುಂಡಿ, ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತದೆ. ವೇಗವಾಗಿ ತಳ್ಳಿದರೆ ಮುಂದಿನ ಚಕ್ರ ಅಡ್ಡಾದಿಡ್ಡಿ ನಡುಗುತ್ತದೆ. ಚಕ್ರ ಗಕ್ಕನೆ ನಿಂತರೆ ಗಾಡಿ ಮುಂದಕ್ಕೆ ಮಗುಚುವ ಭಯ. ಓಡುವುದಕ್ಕೆಂದೇ ಮಾಡಿದ ಗಾಡಿ ಬೇರೆಯದೇ. ಅದಕ್ಕೆ ಗಾಳಿ ತುಂಬಿದ ಮೂರು ದೊಡ್ಡ ಚಕ್ರ, ಮುಂದಿನ ಚಕ್ರ ತಿರುಗದ ಹಾಗೆ ಲಾಕ್, ಕೈಗೆ ಕಟ್ಟಿಕೊಳ್ಳುವ ಪಟ್ಟಿ, ಐದು ಕಡೆ ಬಿಗಿಯುವ ಬೆಲ್ಟ್ ಇರುತ್ತದೆ. ಅಂಥದ್ದರಲ್ಲೂ ಕುತ್ತಿಗೆ ಗಟ್ಟಿಯಾಗದ ಎಳೆಗೂಸನ್ನು ಕೂರಿಸಿ ಓಡಬಾರದು. ಕನಿಷ್ಠ ಆರು ತಿಂಗಳಾದರೂ ಆಗಬೇಕು, ಎಂಟು ತಿಂಗಳು ಅನ್ನುವ ಕಂಪನಿಗಳೂ ಇವೆ. ಸಾದಾ ಗಾಡಿ ಇದ್ದರೆ ಸುಮ್ನೆ ನಡೆಯಿರಿ, ಓಡಬೇಡಿ.

ಎರಡನೆಯದು ಜನಸಂದಣಿ. ಗಾಡಿಯಲ್ಲಿ ಕೂತ ಮಗುವಿನ ಮುಖ ದೊಡ್ಡವರ ಮೊಣಕಾಲಿನ ಮಟ್ಟಕ್ಕೆ ಇರುತ್ತದೆ. ಹೊರಡುವ ಗೆರೆಯ ಹತ್ತಿರ ಅದಕ್ಕೆ ಕಾಣುವುದು ಕಾಲುಗಳು ಮಾತ್ರ. ಎದ್ದ ದೂಳೆಲ್ಲ ಅದರ ಮುಖಕ್ಕೇ. ಡೊಳ್ಳಿನ ಸದ್ದು ಕೇಳುತ್ತದೆ, ಡೊಳ್ಳು ಕಾಣುವುದಿಲ್ಲ. ನಮ್ಮವನು ಅತ್ತದ್ದು ಅದಕ್ಕೇ. ಎಲ್ಲರೂ ಹೊರಟ ಮೇಲೆ ಎರಡು ಮೂರು ನಿಮಿಷ ಬಿಟ್ಟು ಹಿಂದಿನಿಂದ ಹೊರಟರೆ ಈ ಕಷ್ಟ ಅರ್ಧ ಇಳಿಯುತ್ತದೆ. ಹಿಂದಿನಿಂದ ಬರುವವರ ಕಾಲಿಗೂ ಗಾಡಿ ತಾಗುವುದಿಲ್ಲ.

ಮೂರನೆಯದು ಬಿಸಿಲು. ಬಿಸಿಲು ಅಂತ ಗಾಡಿಯ ಮೇಲೆ ದುಪಟ್ಟಾ ಹೊದಿಸುವುದನ್ನು ಎಷ್ಟೋ ಕಡೆ ನೋಡುತ್ತೇನೆ. ನೆರಳು ಸಿಗುತ್ತದೆ ನಿಜ, ಆದರೆ ಗಾಳಿ ನಿಂತು ಒಳಗೆ ಸೆಖೆ ಏರುತ್ತದೆ. ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ, ಬೆವರುವುದೂ ಕಡಿಮೆ. ಗಾಡಿಗೆ ಇರುವ ಚಾವಣಿ ಬಗ್ಗಿಸಿ, ಟೋಪಿ ಹಾಕಿ, ಗಾಳಿ ಆಡಲು ಬಿಡಿ. ದಯವಿಟ್ಟು ಬಟ್ಟೆ ಮುಚ್ಚಬೇಡಿ.

ಇಷ್ಟಾದರೂ ರಾಯಚೂರಿನ ಆ ಬೆಳಗು ನನಗೆ ತುಂಬಾ ಇಷ್ಟ. ಕಾರಣ ಕೋಟೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಕೋಟೆ ಅದು. ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ, ಅದರ ಮೇಲೆ ಶಾಸನ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ತಿಂಡಿ ಆದ ಮೇಲೆ ಮಕ್ಕಳಿಗೆ ಅದನ್ನು ತೋರಿಸಿದೆವು. ಮಗಳು ಬಂಡಿ ಎಳೆಯುವ ಪ್ರಾಣಿಗಳನ್ನು ಎಣಿಸುತ್ತಾ ನಿಂತಳು. ಓಟಕ್ಕೆ ರಾಯಚೂರಿಗೆ ಹೋಗುವವರು ಇದನ್ನು ನೋಡದೆ ಬರಬೇಡಿ.

ಕ್ಯಾರಿಯರ್ ಕಥೆ ಕೊಪ್ಪಳದ್ದು. ಆಗ ಮಗನಿಗೆ ಒಂದೂವರೆ ವರ್ಷ, ಜನವರಿಯ ಚಳಿ. ಕೊಪ್ಪಳದವರಿಗೆ ಬೆಳಗ್ಗೆ ಎದ್ದು ಒಟ್ಟಾಗಿ ರಸ್ತೆಗಿಳಿಯುವುದು ಹೊಸದಲ್ಲ. ಗವಿಮಠದ ಜಾತ್ರೆಗೆ ಮುಂಚೆ ಜಾಗೃತಿ ಜಾಥಾದಲ್ಲಿ ಶಾಲೆ ಮಕ್ಕಳೆಲ್ಲ ಸಾಲಾಗಿ ನಡೆಯುತ್ತಾರೆ. ಹಾಗಾಗಿ ಜನಕ್ಕೆ ಮಕ್ಕಳಿಗೆ ದಾರಿ ಬಿಡುವ ಅಭ್ಯಾಸ ಇದೆ. ಮಗನನ್ನು ಎದೆಗೆ ಕಟ್ಟಿಕೊಂಡೆ. ಗುಂಪಿನ ನಡುವೆಯೂ ಎರಡೂ ಕೈ ಖಾಲಿ, ಒಂದು ಕೈಯಲ್ಲಿ ಮಗಳ ಕೈ ಹಿಡಿಯಬಹುದು. ಮಗುವಿನ ಮುಖ ನಮ್ಮ ಮುಖದ ಹತ್ತಿರ. ಸದ್ದಿಗೆ ಬೆದರಿದರೆ ಅಲ್ಲೇ ಎದೆಗೆ ಒರಗುತ್ತಾನೆ. ಗಾಡಿ ನುಗ್ಗದ ಓಣಿ, ಮೆಟ್ಟಿಲು, ಕಲ್ಲು ಹಾಸು ಯಾವುದೂ ಅಡ್ಡಿ ಅಲ್ಲ. ಎಳೆಯ ಮಗುವಿಗೆ ತಳ್ಳುಗಾಡಿಗಿಂತ ಇದೇ ವಾಸಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಇದರಲ್ಲೂ ಓಡುವ ಹಾಗಿಲ್ಲ. ಓಡಿದಾಗ ಮಗುವಿನ ತಲೆ ಮತ್ತೆ ಮತ್ತೆ ಕುಲುಕುತ್ತದೆ. ನಾವು ಎಡವಿದರೆ ಮಗುವಿನ ಮೇಲೇ ಬೀಳುತ್ತೇವೆ. ಹಾಗಾಗಿ ಚುರುಕಾದ ನಡಿಗೆ ಅಷ್ಟೇ. ಇನ್ನೊಂದು ಮಾತು, ಸೊಂಟಕ್ಕೆ ಅಗಲವಾದ ಪಟ್ಟಿ ಇರುವುದನ್ನೇ ತೆಗೆದುಕೊಳ್ಳಿ. ಭಾರ ಹೆಗಲಿಗೆ ಮಾತ್ರ ಬಿದ್ದರೆ ಮರುದಿನ ರೊಟ್ಟಿ ತಟ್ಟಲು ಕೈ ಏಳುವುದಿಲ್ಲ. ಮಗುವಿನ ತೊಡೆ ಪೂರ್ತಿ ಬಟ್ಟೆಯ ಮೇಲೆ ಕೂತು ಮೊಣಕಾಲು ಕುಂಡೆಗಿಂತ ತುಸು ಮೇಲೆ ಇರಬೇಕು, ಕಾಲು ಜೋತು ಬೀಳಬಾರದು. ಮುಖ ಬಟ್ಟೆಯೊಳಗೆ ಹುದುಗದೆ, ಗಲ್ಲ ಎದೆಗೆ ಒತ್ತದೆ, ಯಾವಾಗಲೂ ನಮಗೆ ಕಾಣುತ್ತಿರಬೇಕು. ಜನವರಿಯಲ್ಲೇ ಅರ್ಧ ದಾರಿಗೆ ಇಬ್ಬರ ಮೈ ಬೆವರಿ ಅಂಟಿಕೊಂಡಿತ್ತು. ಮಾರ್ಚ್ ನಂತರ ಬಳ್ಳಾರಿ, ರಾಯಚೂರಿನಲ್ಲಿ ಇದನ್ನು ಕಟ್ಟಿಕೊಂಡು ಹೋಗುವ ಮಾತೇ ಬೇಡ.

ಹೆಗಲ ಮೇಲೆ ಕೂರಿಸಿಕೊಳ್ಳುವವರೂ ಇದ್ದಾರೆ. ನಮ್ಮ ಮನೆಯವರು ಹಾಗೆ ಸ್ವಲ್ಪ ದೂರ ಹೊತ್ತಿದ್ದಾರೆ. ಮಗುವಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ನಿಂತು ಡೊಳ್ಳು ಕುಣಿತ ನೋಡುವುದಕ್ಕೆ ಸರಿ. ದಾರಿಗೆ ಕಟ್ಟಿದ ತೋರಣ, ಬ್ಯಾನರ್ ಹಗ್ಗಗಳ ಕೆಳಗೆ ನಡೆಯುವಾಗ ಬೇಡ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬಳ್ಳಾರಿಯ ರಾಜ್ಯೋತ್ಸವದ ಬೆಳಗು, ಎರಡು ಕಿಲೋಮೀಟರ್, ಮಗ ತನ್ನ ಕಾಲಲ್ಲಿ. ನವೆಂಬರ್‌ನಲ್ಲಿ ನಮ್ಮೂರ ಬೆಳಗು ಮಕ್ಕಳಿಗೆ ಹೇಳಿ ಮಾಡಿಸಿದ್ದು. ಹೊರಡುವ ಮುಂಚೆ ನಾವು ಗಂಡ ಹೆಂಡತಿ ಒಂದು ಮಾತಾಡಿಕೊಂಡೆವು. ಸಮಯ ನೋಡಬಾರದು, 'ಬೇಗ ಬಾ' ಅನ್ನಬಾರದು. ಅದೊಂದರಿಂದಲೇ ಎಲ್ಲ ಬದಲಾಯಿತು.

ಮೂರು ವರ್ಷದ ಮಗು ದೊಡ್ಡವರ ಹಾಗೆ ಒಂದೇ ಸಮ ನಡೆಯುವುದಿಲ್ಲ. ಇಪ್ಪತ್ತು ಹೆಜ್ಜೆ ಓಡುತ್ತದೆ, ಕೂತುಕೊಳ್ಳುತ್ತದೆ, ಕಲ್ಲು ಆರಿಸುತ್ತದೆ, ನಾಯಿಯನ್ನು ಮಾತಾಡಿಸುತ್ತದೆ, ಮತ್ತೆ ಓಡುತ್ತದೆ. ಅದೇ ಅದರ ಓಟ. 'ಆ ಹಳದಿ ಕೆಂಪು ಬಾವುಟದವರೆಗೆ', 'ಆ ನೀರಿನ ಟೇಬಲ್‌ವರೆಗೆ' ಅಂತ ಕಣ್ಣಿಗೆ ಕಾಣುವ ಗುರಿ ಕೊಟ್ಟರೆ ಮುಂದೆ ಹೋಗುತ್ತದೆ. ಇನ್ನು ಒಂದು ಕಿಲೋಮೀಟರ್ ಇದೆ ಅಂದ್ರೆ ಅದಕ್ಕೇನು ಗೊತ್ತಾಗುತ್ತದೆ? ಬಳ್ಳಾರಿಯಲ್ಲಿ ಗುಡ್ಡಗಳೇ ನಮ್ಮ ಸಹಾಯಕ್ಕೆ ಬಂದವು. ಒಂದು ಕಡೆ ಕೋಟೆ ಗುಡ್ಡ, ಇನ್ನೊಂದು ಕಡೆ ಕುಂಬಾರ ಗುಡ್ಡ. ಕುಂಬಾರ ಗುಡ್ಡ ಒಂದು ದಿಕ್ಕಿನಿಂದ ನೋಡಿದರೆ ಮಲಗಿದ ಮನುಷ್ಯನ ಮುಖದ ಹಾಗೆ ಕಾಣುತ್ತದೆ. ಮೂಗು ಎಲ್ಲಿ, ಬಾಯಿ ಎಲ್ಲಿ ಅಂತ ಹುಡುಕುತ್ತಾ ಮಗ ಎಷ್ಟೋ ದೂರ ಬಂದ. ಮಗಳಿಗೆ ಬೇರೆ ಕಥೆ ಹೇಳಿದೆ. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೇ ಮೈಸೂರು ರಾಜ್ಯಕ್ಕೆ ಸೇರಿತು, ರಾಯಚೂರು, ಕೊಪ್ಪಳ ಬಂದದ್ದು 1956ರ ನವೆಂಬರ್ 1ಕ್ಕೆ ಅಂದೆ. 'ಹಾಗಾದ್ರೆ ನಾವು ಅಜ್ಜಿ ಊರಿಗಿಂತ ಮೊದಲು ಬಂದ್ವಾ?' ಅಂತ ಕುಣಿದಳು.

ಕೊನೆಯ ನಾಲ್ಕುನೂರು ಮೀಟರ್‌ನಲ್ಲಿ ಚಿಕ್ಕವನು 'ಅಮ್ಮಾ, ಎತ್ಕೋ' ಅಂದ. ಎತ್ತಿಕೊಂಡೆ. ಮುಗಿಯುವ ಗೆರೆ ಕಂಡ ಕೂಡಲೇ ತಾನೇ ಜಾರಿ ಇಳಿದು ಓಡಿದ. ಅಲ್ಲಿದ್ದ ಹುಡುಗಿಯರು ಚಪ್ಪಾಳೆ ತಟ್ಟಿ ಪದಕ ಹಾಕಿದರು. ತಳ್ಳುಗಾಡಿಯಲ್ಲಿ ಸಿಕ್ಕ ಪದಕವನ್ನು ಅವನು ಅಲ್ಲೇ ಬಿಟ್ಟಿದ್ದ. ಇದನ್ನು ಹಾಕಿಕೊಂಡೇ ಮಧ್ಯಾಹ್ನ ಮಲಗಿದ. ನನಗೆ ಸ್ವಂತ ಕಾಲೇ ಮೇಲು ಅನ್ನಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇದಕ್ಕೂ ಮಿತಿ ಇದೆ. ಮೂರು ವರ್ಷದ ಮಗುವಿಗೆ ಎರಡು ಕಿಲೋಮೀಟರ್ ಸಾಕು. ನಡುವೆ ಎತ್ತಿಕೊಳ್ಳಲು ಇಬ್ಬರು ದೊಡ್ಡವರು ಇರಬೇಕು. ಐದು ಕಿಲೋಮೀಟರ್‌ಗೆ ಹೆಸರು ಕೊಟ್ಟು ನಡೆಸಿಕೊಂಡು ಹೋಗುವುದು ಮಗುವಿಗೆ ಶಿಕ್ಷೆ. ಮಗಳಿಗೂ ತಮ್ಮನ ಹೆಜ್ಜೆಗೆ ನಡೆದು ನಡೆದು ಬೇಜಾರು ಬಂತು. ಆಮೇಲೆ ಅವರಪ್ಪ ಅವಳ ಜೊತೆ ಮುಂದೆ ಓಡಿದರು.

ಆ ಹಂಚಿಕೆಯನ್ನೇ ಪೂರ್ತಿಯಾಗಿ ಮಾಡುವುದು ನಾಲ್ಕನೇ ದಾರಿ. ಒಬ್ಬರು ದೊಡ್ಡ ಮಗುವಿನ ಜೊತೆ ಓಡುವುದು, ಇನ್ನೊಬ್ಬರು ಚಿಕ್ಕದರ ಜೊತೆ ಮುಗಿಯುವ ಜಾಗದ ಹತ್ತಿರ ನೆರಳಲ್ಲಿ ಕಾಯುವುದು. ಕೊನೆಯ ನೂರು ಮೀಟರ್‌ನಲ್ಲಿ ಚಿಕ್ಕದನ್ನೂ ಸೇರಿಸಿಕೊಂಡು ಎಲ್ಲರೂ ಒಟ್ಟಿಗೆ ಗೆರೆ ದಾಟುವುದು. ಎರಡು ವರ್ಷದೊಳಗಿನ ಮಗುವಿಗೆ, ನೆಗಡಿ ಕೆಮ್ಮು ಈಗಷ್ಟೇ ಬಿಟ್ಟ ಮಗುವಿಗೆ, ಪಟಾಕಿ ಡೊಳ್ಳಿಗೆ ಹೆದರುವ ಮಗುವಿಗೆ ಇದೇ ಒಳ್ಳೆಯದು. ಕಾಯುವವರು ದಾರಿ ತಪ್ಪಿ ಬೇರೆ ಗೇಟಿನಲ್ಲಿ ನಿಲ್ಲದ ಹಾಗೆ ಒಂದು ಮರವನ್ನೋ ಅಂಗಡಿಯನ್ನೋ ಮೊದಲೇ ಗೊತ್ತು ಮಾಡಿಕೊಳ್ಳಿ. ಗದ್ದಲದಲ್ಲಿ ಫೋನ್ ರಿಂಗ್ ಕೇಳುವುದಿಲ್ಲ.

ಯಾವ ದಾರಿ ಹಿಡಿದರೂ ಮಕ್ಕಳನ್ನು ದಣಿಸುವುದು ಓಟಕ್ಕಿಂತ ಓಟದ ಮುಂಚಿನ ಕಾಯುವಿಕೆ. ಆರು ಗಂಟೆ ಅಂದದ್ದು ಅತಿಥಿಗಳು ಬಂದು, ಭಾಷಣ ಆಗಿ, ಬಾವುಟ ತೋರಿಸುವಷ್ಟರಲ್ಲಿ ಏಳು ದಾಟುತ್ತದೆ. ಅಷ್ಟರಲ್ಲಿ ಮಗುವಿಗೆ ಹಸಿವು, ಮೂತ್ರ, ನಿದ್ದೆ ಎಲ್ಲ ಒಟ್ಟಿಗೆ. ಆಯೋಜಕರಿಗೆ ನನ್ನ ಕಳಕಳಿಯ ಮನವಿ: ಮಕ್ಕಳಿರುವ ಓಟವನ್ನು ಮೊದಲು ಬಿಡಿ, ಭಾಷಣ ಆಮೇಲೆ ಇಟ್ಟುಕೊಳ್ಳಿ. ನಂಬರ್ ಚೀಟಿಯನ್ನು ಹಿಂದಿನ ದಿನವೇ ಕೊಟ್ಟರೆ ಇನ್ನೂ ಒಳ್ಳೆಯದು. ಮನೆಯಿಂದ ಹೊರಡುವಾಗ ಅರ್ಧ ಬಾಳೆಹಣ್ಣು ಅಥವಾ ಒಂದು ಇಡ್ಲಿ ತಿನ್ನಿಸಿ. ಹೊಟ್ಟೆ ತುಂಬಾ ಹಾಲು ಬೇಡ. ಹೊಸ ಶೂ ಬೇಡ, ಕಾಲಿಗೆ ಒಗ್ಗಿದ ಹಳೆಯದೇ ಇರಲಿ. ಅಪ್ಪ ಅಮ್ಮನ ಫೋನ್ ನಂಬರನ್ನು ಮಗುವಿನ ನಂಬರ್ ಚೀಟಿಯ ಹಿಂದೆ ಬರೆಯಿರಿ, ತೋಳಿನ ಮೇಲೂ ಪೆನ್ನಿನಲ್ಲಿ ಬರೆಯಿರಿ.

ದಾರಿಯಲ್ಲಿ ನೀರು ಸಾಕು, ಗುಟುಕು ಗುಟುಕಾಗಿ. ಸ್ಟಾಲ್‌ಗಳಲ್ಲಿ ಮಕ್ಕಳ ಕೈಗೆ ಸಿಹಿ ಜ್ಯೂಸ್ ಡಬ್ಬಿ ಇಡುತ್ತಾರೆ. ಮೊದಲು ಅಂಥ ಕೆಲವು ಡಬ್ಬಿಗಳ ಮೇಲೆ ಓಆರ್‌ಎಸ್ ಅಂತಲೂ ಬರೆದಿರುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಲ್ಲಿಸಿತು. ನಿಜವಾದ ಓಆರ್‌ಎಸ್ ಔಷಧಿ ಅಂಗಡಿಯ ಪುಡಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ಅದು ಬೇಕಾಗುವುದು ಭೇದಿ, ವಾಂತಿ ಆದಾಗ. ಎರಡು ಕಿಲೋಮೀಟರ್ ನಡಿಗೆಗೆ ಬೇಡ. ಮಗುವಿನ ಮುಖ ಕೆಂಪಾಗಿ, ಮಂಕಾಗಿ, ಆಟ ನಿಲ್ಲಿಸಿದರೆ ಓಟ ಅಲ್ಲಿಗೇ ಬಿಟ್ಟು ನೆರಳಿಗೆ ಹೋಗಿ ಒದ್ದೆ ಬಟ್ಟೆಯಿಂದ ಮೈ ಒರೆಸಿ. ಬೇಗ ಚೇತರಿಸಿಕೊಳ್ಳದಿದ್ದರೆ ಅಲ್ಲಿರುವ ಆಂಬುಲೆನ್ಸ್‌ನವರಿಗೆ ತೋರಿಸಿ.

ದುಡ್ಡಿನ ಮಾತು ಕೇಳುವವರಿಗೆ: ಒಂದು ಓಟಕ್ಕಾಗಿ ಮೂರು ಚಕ್ರದ ದುಬಾರಿ ಗಾಡಿ ತರಿಸಬೇಡಿ. ಮನೆಯಲ್ಲಿ ಸಾದಾ ಗಾಡಿ ಇದ್ದರೆ ಅಗಲ ರಸ್ತೆಯ ಓಟಕ್ಕೆ ಒಯ್ಯಿರಿ, ಇಲ್ಲದಿದ್ದರೆ ಬಿಡಿ. ಕ್ಯಾರಿಯರ್ ಮಾತ್ರ ಕೊಳ್ಳಬಹುದು. ಬಸ್ಸಿಗೆ, ಜಾತ್ರೆಗೆ, ಆಸ್ಪತ್ರೆಗೆ ಎಲ್ಲದಕ್ಕೂ ಬರುತ್ತದೆ. ಎಷ್ಟು ಕೆಜಿವರೆಗೆ ಅಂತ ಅದರ ಚೀಟಿಯ ಮೇಲೆ ಓದಿ ಕೊಳ್ಳಿ. ನಾವು ಈಗ ಅದನ್ನು ಮಡಚಿ ಬೆನ್ನಿನ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇವೆ. ಮಗ ನಡೆಯುವಷ್ಟು ದೂರ ನಡೆಯಲಿ, ಸುಸ್ತಾದರೆ ಕಟ್ಟಿಕೊಳ್ಳೋಣ ಅಂತ. ಬರುವ ಜನವರಿಯ ಓಟಕ್ಕೆ ಎರಡು ಕಿಲೋಮೀಟರ್‌ಗೆ ಎಲ್ಲರ ಹೆಸರು ಕೊಡುವುದು ಅಂತ ಮಾತಾಗಿದೆ. ಮಗಳು ಮಾತ್ರ ಮೂರು ಕಿಲೋಮೀಟರ್ ಬೇಕು ಅಂತ ಹಟ ಹಿಡಿದಿದ್ದಾಳೆ. ಅವಳ ಜೊತೆ ಈ ಸಲ ಓಡುವುದು ನಾನು.