ಪ್ರತಿಫಲ ಕಲಿಸುವ ಕಾರ್ಡ್ ಕಿಟ್: ಆಟ ಚೆನ್ನಾಗಿದೆ, ಉತ್ತರಪಟ್ಟಿ ತಿದ್ದಿಕೊಳ್ಳಿ

ಕರಾರು ಕಾನೂನನ್ನು ಹೈಸ್ಕೂಲು ಮಕ್ಕಳಿಗೆ ಹೇಳಿಕೊಡುವಾಗ ತೊಡಕಾಗುವುದು ಪ್ರತಿಫಲದ, ಅಂದರೆ ಒಬ್ಬರ ಮಾತಿಗೆ ಬದಲಾಗಿ ಕೊಡುವ, ಮಾಡುವ ಅಥವಾ ಬಿಡುವ ಸಂಗತಿಯ, ಪಾಠದಲ್ಲೇ. ಪ್ರಸ್ತಾವ, ಒಪ್ಪಿಗೆ ಎರಡೂ ಬೇಗ ಅರ್ಥವಾಗುತ್ತವೆ. ‘ಮಾತು ಕೊಟ್ಟಿದ್ದು ನಿಜ, ಆದರೂ ಕೋರ್ಟು ಕೊಡಿಸುವುದಿಲ್ಲ’ ಎಂದಾಗ ತರಗತಿ ಗಕ್ಕನೆ ನಿಲ್ಲುತ್ತದೆ. ಈ ಒಂದು ಪಾಠಕ್ಕೆಂದೇ ಮಾಡಿದ ಕಿಟ್ ಇದು: 24 ಸನ್ನಿವೇಶ ಕಾರ್ಡು, ಹಳೆಯ ಮೊಕದ್ದಮೆಗಳ 4 ತೀರ್ಪಿನ ಹಾಳೆ, ಒಂದು ಕೈಪಿಡಿ, ಒಂದು ಉತ್ತರಪಟ್ಟಿ. 40 ನಿಮಿಷದ ಎರಡು ಪೀರಿಯಡ್ ಸಾಕು ಎನ್ನುತ್ತದೆ ಕೈಪಿಡಿ. ಮೂರು ಬೇಕು.

ಆಟದ ಕ್ರಮ ಬಹಳ ಚೆನ್ನಾಗಿದೆ. ನಾಲ್ಕು ಜನರ ಗುಂಪಿಗೆ ಒಂದು ಕಾರ್ಡು. ಮಕ್ಕಳು ಬೇರೊಂದು ಕಾಗದದ ಮೇಲೆ ಇಬ್ಬರ ಹೆಸರು ಬರೆದು, ಒಬ್ಬರಿಂದ ಇನ್ನೊಬ್ಬರಿಗೆ ಬಾಣ ಎಳೆಯಬೇಕು; ಬಾಣದ ಮೇಲೆ ಏನು ಕೊಟ್ಟರು ಅಥವಾ ಏನು ಬಿಟ್ಟರು ಎಂದು ಬರೆಯಬೇಕು. ಎರಡು ಬಾಣ ಬಂದರೆ ಮುಂದಿನ ಪ್ರಶ್ನೆ: ಇದು ಅದಕ್ಕಾಗಿಯೇ ಕೊಟ್ಟದ್ದೇ? ಈ ಎರಡನೇ ಪ್ರಶ್ನೆಯೇ ಕಿಟ್ಟಿನ ಜೀವ. ಅದಿಲ್ಲದಿದ್ದರೆ ‘ಇವರೂ ಕೊಟ್ಟರು, ಅವರೂ ಕೊಟ್ಟರು, ಲೆಕ್ಕ ಸರಿಹೋಯಿತು’ ಎಂದು ಮಕ್ಕಳು ದಾನವನ್ನೂ ಕರಾರೆಂದು ಬರೆದುಬಿಡುತ್ತಾರೆ.

ತೀರ್ಪಿನ ಹಾಳೆಗಳಲ್ಲಿ ಮೊದಲು ಎತ್ತಿಕೊಳ್ಳಬೇಕಾದ್ದು 1960ರ ಚಾಪೆಲ್ ವಿರುದ್ಧ ನೆಸ್ಲೆ. ಒಂದು ಶಿಲಿಂಗ್ ಆರು ಪೆನ್ಸ್ ಜೊತೆಗೆ ಮೂರು ಚಾಕೊಲೇಟ್ ಹೊದಿಕೆ ಕಳಿಸಿದವರಿಗೆ ಗ್ರಾಮಫೋನ್ ರೆಕಾರ್ಡ್ ಕೊಡುತ್ತೇವೆ ಎಂದಿತ್ತು ನೆಸ್ಲೆ ಕಂಪನಿ. ಬಂದ ಹೊದಿಕೆಗಳನ್ನು ಅದು ಎಸೆಯುತ್ತಿತ್ತು. ಆದರೂ ಅವು ಪ್ರತಿಫಲದ ಭಾಗವೇ ಎಂದಿತು ಅಂದು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್. ‘ನ್ಯಾಯವಾದ ಬೆಲೆ ಇರಬೇಕು’ ಎಂಬ ಮಕ್ಕಳ ಹಠ ಇಲ್ಲಿ ಸಡಿಲವಾಗುತ್ತದೆ. ಇದರ ಪಕ್ಕಕ್ಕೆ ನಮ್ಮ 1872ರ ಕರಾರು ಕಾಯಿದೆಯ 25ನೇ ಕಲಮಿನ ಉದಾಹರಣೆಯನ್ನು ಇಟ್ಟುಕೊಳ್ಳಿ: 1,000 ರೂಪಾಯಿಯ ಕುದುರೆಯನ್ನು ಸ್ವಂತ ಇಚ್ಛೆಯಿಂದ 10 ರೂಪಾಯಿಗೆ ಮಾರಲು ಒಪ್ಪಿದರೂ ಅದು ಕರಾರೇ. ಬೆಲೆ ತೀರಾ ಕಡಿಮೆಯಿದ್ದರೆ ಒಪ್ಪಿಗೆ ಮನಸಾರೆ ಕೊಟ್ಟದ್ದೋ ಅಲ್ಲವೋ ಎಂದು ನೋಡುವಾಗ ಕೋರ್ಟು ಅದನ್ನು ಗಮನಿಸಬಹುದು, ಅಷ್ಟೆ.

1891ರ ಹೇಮರ್ ವಿರುದ್ಧ ಸಿಡ್ವೇ ಹಾಳೆ ಅರ್ಧಂಬರ್ಧ. 21 ತುಂಬುವವರೆಗೆ ಕುಡಿತ, ತಂಬಾಕು, ಬೈಗುಳ, ಹಣ ಕಟ್ಟಿ ಆಡುವ ಇಸ್ಪೀಟು, ಬಿಲಿಯರ್ಡ್ಸ್ ಎಲ್ಲ ಬಿಟ್ಟರೆ 5,000 ಡಾಲರ್ ಕೊಡುತ್ತೇನೆಂದು ಚಿಕ್ಕಪ್ಪ ಅಣ್ಣನ ಮಗನಿಗೆ ಹೇಳಿದ್ದ. ಹುಡುಗ ನಡೆದುಕೊಂಡ. ಬಿಟ್ಟದ್ದೇ ಪ್ರತಿಫಲ ಎಂದಿತು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ. ಇಂದಿನ ಹದಿನೈದರ ಮಕ್ಕಳು ಕೂಡಲೇ ಕೇಳುವುದು: ‘ಆ ವಯಸ್ಸಿಗೆ ಕುಡಿಯುವ ಹಾಗೇ ಇಲ್ಲವಲ್ಲ, ಬಿಟ್ಟದ್ದು ಏನು?’ ಪ್ರಶ್ನೆ ಸರಿಯಾಗಿದೆ. ಮೊದಲೇ ಹಕ್ಕಿಲ್ಲದ್ದನ್ನು ಬಿಟ್ಟರೆ ಅದು ಪ್ರತಿಫಲವಾಗದು. ಅಂದು ಆ ಹುಡುಗನಿಗೆ ಕಾನೂನಿನ ಅಡ್ಡಿ ಇರಲಿಲ್ಲ ಎಂಬ ಸಾಲೇ ಹಾಳೆಯಲ್ಲಿಲ್ಲ. ತೀರ್ಪು ನಿಂತಿರುವುದೇ ಆ ಅಂಶದ ಮೇಲೆ. ಪೆನ್ನಿನಲ್ಲಾದರೂ ಸೇರಿಸಿ.

ದೊಡ್ಡ ದೋಷ ಉತ್ತರಪಟ್ಟಿಯದು. ಅದು ಇಡಿಯಾಗಿ ಇಂಗ್ಲೆಂಡಿನ ನಿಯಮದ ಮೇಲೆ ನಿಂತಿದೆ. ಭಾರತದ ಕಾಯಿದೆಯ ಮುಂದೆ ಮೂರು ಕಾರ್ಡುಗಳ ಉತ್ತರ ತಲೆಕೆಳಗಾಗುತ್ತದೆ.

ಒಂದು, ಕಳೆದ ಪರ್ಸು. ಸಿಕ್ಕ ಪರ್ಸನ್ನು ತಂದುಕೊಟ್ಟ ಮೇಲೆ ಮಾಲೀಕರು ಹಣ ಕೊಡುತ್ತೇನೆಂದರೆ? ಪಟ್ಟಿ ‘ಕರಾರಲ್ಲ’ ಎನ್ನುತ್ತದೆ, ಕಾರಣಕ್ಕೆ 1842ರ ರಾಸ್ಕೋರ್ಲಾ ವಿರುದ್ಧ ಥಾಮಸ್ ತೀರ್ಪಿನ ಹಾಳೆ ತೋರಿಸುತ್ತದೆ. ಅಲ್ಲಿ ಕುದುರೆಯ ವ್ಯಾಪಾರ ಮುಗಿದ ಮೇಲೆ ಬಂದ ಭರವಸೆಗೆ ಬೆಲೆ ಸಿಗಲಿಲ್ಲ. ಆದರೆ ಕಳೆದ ಪರ್ಸಿಗೆ 50 ರೂಪಾಯಿ ಕೊಡುವ ಮಾತು ಕರಾರೇ ಎಂದು ನಮ್ಮ 25ನೇ ಕಲಮಿನ ಉದಾಹರಣೆ ನೇರವಾಗಿ ಹೇಳುತ್ತದೆ. ಪ್ರತಿಫಲವಿಲ್ಲದ ಒಪ್ಪಂದ ಶೂನ್ಯ ಎಂಬ ನಿಯಮಕ್ಕೆ, ತಾನಾಗಿ ಮಾಡಿದ ಉಪಕಾರಕ್ಕೆ ಪರಿಹಾರ ಕೊಡುವ ಮಾತು ಅಲ್ಲಿ ಒಂದು ವಿನಾಯಿತಿ.

ಎರಡು, ಸಾಲದ ಕಾರ್ಡು. ಪಟ್ಟಿ ನೆಚ್ಚಿರುವ 1884ರ ಫೋಕ್ಸ್ ವಿರುದ್ಧ ಬಿಯರ್ ತೀರ್ಪಿನ ಪ್ರಕಾರ ಭಾಗ ಹಣ ಪಡೆದು ‘ಉಳಿದದ್ದು ಬೇಡ’ ಎಂದವರು ಮತ್ತೆ ಕೇಳಬಹುದು. ನಮ್ಮ 63ನೇ ಕಲಮಿನಲ್ಲಿ ಹಾಗಿಲ್ಲ: 5,000 ರೂಪಾಯಿ ಬರಬೇಕಿದ್ದವರು 2,000ಕ್ಕೆ ತೀರಿತೆಂದು ಒಪ್ಪಿ ಪಡೆದರೆ ಸಾಲ ಪೂರ್ತಿ ತೀರಿತು.

ಮೂರು, ಬೇರೆಯವರು ಕೊಟ್ಟ ಪ್ರತಿಫಲ. ತಾಯಿ ಮಗಳಿಗೆ ಆಸ್ತಿ ಕೊಡುತ್ತಾಳೆ. ತಾಯಿಯ ಒಡಹುಟ್ಟಿದವರಿಗೆ ವರ್ಷಾಶನ ಕೊಡುತ್ತೇನೆಂದು ಮಗಳು ಅವರಿಗೇ ಬರೆದುಕೊಡುತ್ತಾಳೆ. ಅವರು ತಾವಾಗಿ ಏನನ್ನೂ ಕೊಟ್ಟಿಲ್ಲ ಎಂದು ಪಟ್ಟಿ ಕಾರ್ಡನ್ನು ತಳ್ಳಿಹಾಕುತ್ತದೆ. ಆದರೆ ಪ್ರತಿಫಲ ಎಂದರೇನೆಂದು ಹೇಳುವ ನಮ್ಮ 2(ಡಿ) ಕಲಮಿನಲ್ಲಿ, ಅದನ್ನು ಕೊಡುವವರು ಮಾತು ಪಡೆದವರೇ ‘ಅಥವಾ ಬೇರೆ ಯಾರೇ ಆಗಲಿ’ ಎಂಬ ಅರ್ಥದ ಮಾತಿದೆ. ಮದ್ರಾಸ್ ಹೈಕೋರ್ಟಿನ ಚಿನ್ನಯ್ಯ ವಿರುದ್ಧ ರಾಮಯ್ಯ ತೀರ್ಪು ಬಂದದ್ದು ಇಂಥದೇ ಸಂಗತಿಯಲ್ಲಿ, ಮಗಳು ಕೊಡಲೇಬೇಕು ಎಂದು.

ಇಷ್ಟಕ್ಕೇ ಕಿಟ್ಟನ್ನು ಬದಿಗಿಡಬೇಕಿಲ್ಲ. ಈ ಮೂರು ಕಾರ್ಡುಗಳನ್ನು ಬೇರೆ ತೆಗೆದಿಟ್ಟು, ಮೂರನೇ ಪೀರಿಯಡ್‌ನಲ್ಲಿ ಒಂದೇ ಸನ್ನಿವೇಶಕ್ಕೆ ಎರಡು ದೇಶದ ಉತ್ತರ ಬರೆಸಿ. ಕಾನೂನು ಒಂದೇ ಎರಕದಲ್ಲಿ ಬಂದದ್ದಲ್ಲ ಎಂದು ಮಕ್ಕಳು ತಾವೇ ಕಂಡುಕೊಳ್ಳುವ ಜಾಗ ಅದು. ಕೈಪಿಡಿ ಅದನ್ನು ಕೈಬಿಟ್ಟಿರುವುದು ನಿಜಕ್ಕೂ ಬೇಸರದ ಸಂಗತಿ.

ಕೊನೆಯ ಚಟುವಟಿಕೆಯಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಕರಾರು ಬರೆದು ಸಹಿ ಹಾಕುತ್ತಾರೆ. ಎಲ್ಲರೂ ಹದಿನೆಂಟು ದಾಟಿದವರ ಪಾತ್ರದಲ್ಲಿದ್ದಾರೆಂದು ಮೊದಲೇ ಹೇಳಿಬಿಡಿ. 11ನೇ ಕಲಮು ಮತ್ತು 1903ರ ಮೊಹೊರಿ ಬೀಬಿ ತೀರ್ಪಿನಂತೆ ಅಪ್ರಾಪ್ತರ ಒಪ್ಪಂದ ಆರಂಭದಿಂದಲೇ ಶೂನ್ಯ. ಹೇಳದಿದ್ದರೆ ಪ್ರತಿಫಲದ ಚರ್ಚೆ ವಯಸ್ಸಿನ ಚರ್ಚೆಯಾಗಿ ಪೀರಿಯಡ್ ಮುಗಿದುಹೋಗುತ್ತದೆ. ಕಾರ್ಡಿನ ಅಕ್ಷರ ದೊಡ್ಡದಿದೆ, ಹಿಂದಿನ ಬೆಂಚಿಗೂ ಕಾಣುತ್ತದೆ. ಹಾಳೆಗಳು ಮಾತ್ರ ತೆಳು. ಗುಂಪಿಗೊಂದು ಪ್ರತಿ ಜೆರಾಕ್ಸ್ ಮಾಡಿಸಿಟ್ಟು, ಮೂಲವನ್ನು ಶಿಕ್ಷಕರ ಬಳಿಯೇ ಇಟ್ಟುಕೊಳ್ಳುವುದು ಒಳ್ಳೆಯದು.